ಹಾರ್ಡ್ ಡಿಸ್ಕ್ ಹಾಕಿದರೆ ಮೌಸ್ ತಡವರಿಸುವುದು

ಹಾರ್ಡ್ ಡಿಸ್ಕ್ ಸಿಕ್ಕಿಸಿದ ತಕ್ಷಣ ವೈರ್‌ಲೆಸ್ ಮೌಸ್ ತಡವರಿಸುತ್ತೆ, ತೆಗೆದರೆ ಸರಿಹೋಗುತ್ತೆ ಅಂದಿದ್ದೀರಿ. ಹಾಗಿದ್ದರೆ ಮೌಸ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಡಿಸ್ಕ್ ಬಳಸುವ ಯುಎಸ್‌ಬಿ 3.0 (2.0ಗಿಂತ ವೇಗದ ಯುಎಸ್‌ಬಿ) ಕೆಲಸ ಮಾಡುವಾಗ ಹೊರಬೀಳುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್‌ವರೆಗೂ ಹರಡುತ್ತದೆ. ಮೌಸ್ ಮತ್ತು ಅದರ ಡಾಂಗಲ್ (ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಮಾತಾಡಿಕೊಳ್ಳುವುದೂ ಅದೇ ಫ್ರೀಕ್ವೆನ್ಸಿಯಲ್ಲೇ. ಇಂಟೆಲ್ 2012ರಲ್ಲೇ ಇದನ್ನು ಅಳೆದು ವರದಿ ಮಾಡಿತ್ತು.

ಮೊದಲು ಡಾಂಗಲ್ ಅನ್ನು ಡಿಸ್ಕಿನ ಪಕ್ಕದಿಂದ ತೆಗೆದು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ. ಆಮೇಲೆ ಒಂದು ದೊಡ್ಡ ಫೈಲ್ ಕಾಪಿಗೆ ಬಿಟ್ಟು ಮೌಸ್ ಆಡಿಸಿ ನೋಡಿ. ಡಿಸ್ಕ್ ಸುಮ್ನೆ ಕೂತಿರುವಾಗ ನೋಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ.

ಇನ್ನೂ ತಡವರಿಸಿದರೆ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಡಾಂಗಲ್ ಅನ್ನು ಮೌಸ್ ಪ್ಯಾಡ್ ಹತ್ತಿರಕ್ಕೇ ತನ್ನಿ. ಹೆಚ್ಚಿನ ಸಲ ಫಲ ಕೊಡುವ ಉಪಾಯ ಇದೇ. ಡಿಸ್ಕ್ ಮತ್ತು ಅದರ ಕೇಬಲ್ ಮಾತ್ರ ದೂರ ಇರಲಿ.

ಬ್ಲೂಟೂತ್ ಮೌಸ್ ಕೊಳ್ಳಲು ಹೋಗಬೇಡಿ, ಅದೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತದೆ. ಡಿಸ್ಕನ್ನು ಯುಎಸ್‌ಬಿ 2.0 ಪೋರ್ಟಿಗೆ ಹಾಕಿದರೂ ಗದ್ದಲ ನಿಲ್ಲುತ್ತದೆ, ಆದರೆ ವೇಗ ತುಂಬಾ ಬೀಳುತ್ತದೆ.

ಇಷ್ಟಾದರೂ ಹಾಗೇ ಇದ್ದರೆ ಕಾರಣ ಬೇರೆ ಇರಬಹುದು. ಮೌಸಿನ ಬ್ಯಾಟರಿ ಬದಲಿಸಿ, ಡಿಸ್ಕಿಗೆ ಬೇರೆ ಕೇಬಲ್ ಹಾಕಿ ನೋಡಿ.