ಸಿಮೆಂಟ್ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಕಸ ಉರಿಸಿದರೆ ಹೊಗೆಯ ವಿಷ ತಡೆಯೋಕೆ ಆಗುತ್ತಾ?

ನಿಮ್ಮೂರಿನ ಪಕ್ಕದ ಕಾರ್ಖಾನೆಯವರು ಕಲ್ಲಿದ್ದಲಿನ ಜೊತೆ ಪ್ಲಾಸ್ಟಿಕ್ ಕಸ ಉರಿಸೋಕೆ ಹೊರಟಿದ್ದಾರೆ, ಅಹವಾಲು ಸಭೆಯಲ್ಲಿ ಏನು ಕೇಳಬೇಕು ಅಂದಿದ್ದೀರಿ. ಕಲಬುರಗಿ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಹದಿನಾಲ್ಕು ವರ್ಷ ಕಿಲ್ನ್ (ಕಲ್ಲಿನ ಪುಡಿ ಸುಡುವ ದೊಡ್ಡ ಕುಲುಮೆ) ನಡೆಸಿದವನು ನಾನು. ವಿಷ ತಡೆಯೋಕೆ ಆಗುತ್ತೆ. ಆದರೆ ಕಸ ಎಲ್ಲಿ ಹಾಕ್ತಾರೆ ಅನ್ನೋದನ್ನು ಮೊದಲು ಕೇಳಿ.

ಮುಖ್ಯ ಬರ್ನರ್‌ನ ಜ್ವಾಲೆ 2000 ಡಿಗ್ರಿ ಹತ್ತಿರ ಇರುತ್ತೆ, ಅಲ್ಲಿ ಪ್ಲಾಸ್ಟಿಕ್ ಪೂರ್ತಿ ಸುಡುತ್ತೆ. ಅದನ್ನೇ ಕಲ್ಲಿನ ಪುಡಿ ಜೊತೆ ಪ್ರೀಹೀಟರ್ (ಪುಡಿ ಕಿಲ್ನ್‌ಗೆ ಹೋಗೋ ಮೊದಲು ಬಿಸಿಯಾಗುವ ಗೋಪುರ) ಮೇಲಿಂದ ಬಿಟ್ಟರೆ ಅರೆಬರೆ ಬೆಂದು ಗ್ಯಾಸಿನಲ್ಲಿ ಹೊರಟುಬಿಡುತ್ತೆ. ಡಯಾಕ್ಸಿನ್ ಅನ್ನೋ ಘೋರ ವಿಷ ಹುಟ್ಟೋದು ಗ್ಯಾಸ್ 450ರಿಂದ 200 ಡಿಗ್ರಿಗೆ ನಿಧಾನವಾಗಿ ತಣಿಯುವಾಗ. ಅದಕ್ಕೇ ನೀರು ಸಿಂಪಡಿಸಿ ಬೇಗ ತಣಿಸಬೇಕು. ಹೊಗೆಯಲ್ಲಿರುವ ಇನ್ನೊಂದು ವಿಷಗಾಳಿ ನೈಟ್ರೋಜನ್ ಆಕ್ಸೈಡ್ ತಗ್ಗಿಸೋಕೆ 900 ಡಿಗ್ರಿ ಆಸುಪಾಸಿನಲ್ಲಿ ಅಮೋನಿಯಾ ನೀರು ಸಿಂಪಡಿಸ್ತಾರೆ.

ಧೂಳಿನ ವಿಷಯ ಕಣ್ಣಾರೆ ಕಂಡಿದ್ದೀನಿ. ನಮ್ಮಲ್ಲಿ ಮೊದಲು ಇಎಸ್‌ಪಿ, ಅಂದರೆ ವಿದ್ಯುತ್ತಿನಿಂದ ಧೂಳು ಹಿಡಿಯುವ ಯಂತ್ರ ಇತ್ತು. ಕಲ್ಲಿದ್ದಲು ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಏರಿದರೆ, ಕಿಡಿ ತಗುಲಿ ಸ್ಫೋಟ ಆಗಬಾರದು ಅಂತ ಅದು ತಾನೇ ಟ್ರಿಪ್ ಆಗಿ ನಿಂತುಬಿಡುತ್ತಿತ್ತು. ಆ ಕೆಲವೇ ನಿಮಿಷದಲ್ಲಿ ಧೂಳೆಲ್ಲ ಚಿಮಣಿಯಿಂದ ಹೊರಗೆ. ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ಬೇಲಿಯಾಚೆ ತೊಗರಿ ಬೂದು ಬಣ್ಣಕ್ಕೆ ತಿರುಗಿರುತ್ತಿತ್ತು. ಇಬ್ಬನಿ ಬಿದ್ದು ಎಲೆಗೆ ಕಚ್ಚಿಕೊಂಡ ಆ ಧೂಳು ಉಗುರಿನಿಂದ ಕೆರೆದರೂ ಬಿಡುತ್ತಿರಲಿಲ್ಲ. ಹೊಲದ ಅಜ್ಜ ಒಮ್ಮೆ ಒಂದು ಟೊಂಗೆ ಮುರಿದು ನನ್ನ ಕೈಗೆ ಕೊಟ್ಟರು, ಒಂದು ಮಾತೂ ಆಡಲಿಲ್ಲ. ಬಟ್ಟೆ ಚೀಲಗಳಲ್ಲಿ ಧೂಳು ಸೋಸುವ ಬ್ಯಾಗ್ ಹೌಸ್ ಬಂದ ಮೇಲೆ ಆ ಕಾಟ ತಪ್ಪಿತು.

ಆದರೆ ಆವಿಯಾದ ಪಾದರಸವನ್ನು ಬ್ಯಾಗ್ ಒಂದೇ ಹಿಡಿಯಲ್ಲ. ಅದು ಸುಣ್ಣದಕಲ್ಲಿನಲ್ಲೂ ಕಲ್ಲಿದ್ದಲಿನಲ್ಲೂ ಅಣುಮಾತ್ರ ಇದ್ದೇ ಇರುತ್ತೆ. ಕಿಲ್ನ್ ಬಿಸಿಗೆ ಆವಿಯಾಗಿ ಗ್ಯಾಸಿನ ಜೊತೆ ಹೊರಡುತ್ತೆ. ಆ ಬಿಸಿ ಗ್ಯಾಸನ್ನು ಕಲ್ಲು ಒಣಗಿಸೋಕೆ ರಾ ಮಿಲ್‌ಗೆ, ಅಂದರೆ ಕಲ್ಲನ್ನು ಪುಡಿ ಮಾಡುವ ಗಿರಣಿಗೆ ಬಿಡ್ತೀವಿ. ಅಲ್ಲಿ ತಣಿದ ಪಾದರಸ ಪುಡಿಗೆ ಅಂಟಿ, ಪುಡಿ ಜೊತೆಗೇ ತಿರುಗಿ ಕಿಲ್ನ್‌ಗೆ ಬರುತ್ತೆ. ಸುತ್ತಿ ಸುತ್ತಿ ಸೇರುತ್ತಾ ಹೋಗುತ್ತೆ. ರಿಪೇರಿಗೆ ಮಿಲ್ ನಿಲ್ಲಿಸಿದಾಗ ಹಾಗೆ ಕೂಡಿಕೊಂಡಿದ್ದು ಚಿಮಣಿಯ ದಾರಿ ಹಿಡಿಯುತ್ತೆ. ಪರಿಹಾರ ಇದೆ: ಮಿಲ್ ನಿಂತಾಗ ಬ್ಯಾಗ್ ಹೌಸಿನ ಧೂಳನ್ನು ಕಿಲ್ನ್‌ಗೆ ಹಿಂತಿರುಗಿಸದೆ ಬೇರೆ ತೆಗೆದಿಟ್ಟು, ಸ್ವಲ್ಪ ಸ್ವಲ್ಪವೇ ಸಿಮೆಂಟ್ ಮಿಲ್‌ಗೆ (ಕೊನೆಗೆ ಸಿಮೆಂಟ್ ಅರೆಯುವ ಗಿರಣಿ) ಬೆರೆಸಬೇಕು.

ಕಸ ಉರಿಸುವ ಕಿಲ್ನ್‌ಗಳಿಗೆ ನಮ್ಮ ದೇಶದಲ್ಲಿ 2016ರಿಂದ ಮಿತಿ ಇದೆ: ಒಂದು ಘನ ಮೀಟರ್ ಗ್ಯಾಸಿಗೆ ಪಾದರಸ 0.05 ಮಿಲಿಗ್ರಾಂ, ಡಯಾಕ್ಸಿನ್ 0.1 ನ್ಯಾನೋಗ್ರಾಂ. ಸಭೆಯಲ್ಲಿ ಅವರು ವರದಿ ತೋರಿಸಿದರೆ, ಅಳತೆ ಮಾಡಿದ ಹೊತ್ತಿಗೆ ರಾ ಮಿಲ್ ಓಡುತ್ತಿತ್ತಾ ನಿಂತಿತ್ತಾ ಅಂತ ಕೇಳಿ. ನಿಂತ ಹೊತ್ತಿನ ಅಳತೆಯೂ ಬೇಕು ಅಂತ ಪಟ್ಟು ಹಿಡಿಯಿರಿ. ಮಿಲ್ ಎಷ್ಟು ಗಂಟೆಗೆ ನಿಂತಿತು, ಎಷ್ಟು ಗಂಟೆಗೆ ಶುರುವಾಯಿತು ಅನ್ನೋದು ಕಂಟ್ರೋಲ್ ರೂಮಿನ ಲಾಗ್ ಬುಕ್ಕಿನಲ್ಲಿ ಇರುತ್ತೆ, ಅದನ್ನೂ ತರೋಕೆ ಹೇಳಿ.