ಕಿಟ್ಟೆಲ್ ಅಂದರೆ ಏನರ್ಥ? ನಮ್ಮ ಕಿಟ್ಟಿಗೂ ಅದಕ್ಕೂ ನಂಟಿದೆಯೇ?

ನಂಟಿಲ್ಲ. ನಮ್ಮ ಕಿಟ್ಟಿ ಕೃಷ್ಣನ ಮುದ್ದು ರೂಪ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲ್ ಅವರ ಮನೆತನದ ಹೆಸರು ಒಂದು ಅಂಗಿಯ ಹೆಸರು.

ಜರ್ಮನ್‌ನಲ್ಲಿ ಕಿಟ್ಟೆಲ್ ಎಂದರೆ ಒಳಗಿನ ಬಟ್ಟೆ ಕೊಳೆಯಾಗದಂತೆ ಮೇಲೆ ಹಾಕಿಕೊಳ್ಳುವ ಸಡಿಲ ನಿಲುವಂಗಿ. ಡಾಕ್ಟರ ಬಿಳಿ ಕೋಟಿಗೆ ಜರ್ಮನ್ನರು ಇಂದಿಗೂ ಆರ್ಟ್ಸ್‌ಕಿಟ್ಟೆಲ್ ಅನ್ನುತ್ತಾರೆ. ಯೆಹೂದ್ಯರು ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನ ತೊಡುವ ಬಿಳಿ ಅಂಗಿಯೂ ಅವರ ಯಿದ್ದಿಶ್ ಭಾಷೆಯಲ್ಲಿ ಕಿಟ್ಲ್. ಮಧ್ಯಕಾಲದ ಜರ್ಮನ್‌ನಲ್ಲಿ ಈ ಪದ ಕಿಟೆಲ್ ಎಂದಿತ್ತು. ಮೂಲ ಅರಬ್ಬಿಯ ಕುತ್ನ್, ಅಂದರೆ ಹತ್ತಿ, ಇರಬಹುದೆಂದು ನಿಘಂಟುಕಾರರ ಊಹೆ. ಊಹೆ ನಿಜವಾದರೆ ಕಾಟನ್ ಮತ್ತು ಕಿಟ್ಟೆಲ್ ದಾಯಾದಿಗಳು!

ಅಂಗಿ ಮನೆತನದ ಹೆಸರಾದದ್ದು ಎರಡು ದಾರಿಯಲ್ಲಿ: ಅದನ್ನು ಹೊಲಿಯುವವನಿಗೆ ಅಂಟಿದ ಕಸುಬಿನ ಹೆಸರು, ಇಲ್ಲವೇ ಸದಾ ಅದನ್ನೇ ತೊಟ್ಟವನಿಗೆ ಊರವರು ಇಟ್ಟ ಅಡ್ಡಹೆಸರು. ನನಗೆ ಎರಡನೆಯದೇ ಹೆಚ್ಚು ಸರಿ ಅನಿಸುತ್ತದೆ. 1525ರಲ್ಲಿ ಜ್ಯೂರಿಕ್‌ನಲ್ಲಿ ಕ್ರೈಸ್ತ ಮತಸುಧಾರಕ ಯೋರ್ಗ್‌ಗೆ ಅವನ ನೀಲಿ ಕೋಟಿನಿಂದಾಗಿಯೇ ಬ್ಲೌರಾಕ್, ಅಂದರೆ ನೀಲಿ ಕೋಟು, ಎಂಬ ಹೆಸರು ಅಂಟಿತಂತೆ. ಚರಿತ್ರೆ ಅವನನ್ನು ಗುರುತಿಸುವುದೂ ಅದರಿಂದಲೇ.

ಉಚ್ಚಾರಣೆಯಲ್ಲಿ ನಾವು ಎಡವುತ್ತೇವೆ. ಜರ್ಮನ್ ಬರಹದ ಜೋಡಿ ಟಕಾರ ಒತ್ತಕ್ಷರವಲ್ಲ, ಹಿಂದಿನ ಇಕಾರ ಹ್ರಸ್ವ ಎಂಬ ಸೂಚನೆ ಅಷ್ಟೆ. ಕೊನೆಯ ಎಕಾರ ಅರ್ಧ ನುಂಗಿದಂತೆ. ಬಾಯಲ್ಲಿ ಬರುವುದು ಹೆಚ್ಚುಕಡಿಮೆ 'ಕಿಟಲ್'.

ಮೂಲ ಊರು ಹುಡುಕುವವರು ಹುಟ್ಟಿದ ಊರನ್ನು ನೆಚ್ಚಬಾರದು. ಫರ್ಡಿನಾಂಡ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಅಲ್ಲಿನವರಲ್ಲಿ ತಂದೆಯ ಹೆಸರೇ ಮಗನ ಎರಡನೇ ಹೆಸರಾಗುತ್ತಿತ್ತು. ಯಾನ್‌ನ ಮಗ ಯಾನ್ಸೆನ್. 1811ರಲ್ಲಿ ನೆಪೋಲಿಯನ್ ಆಜ್ಞೆ ಬಂದ ಮೇಲೆ ಸ್ಥಿರ ಮನೆತನದ ಹೆಸರು ಕಡ್ಡಾಯವಾಯಿತು. ಕಿಟ್ಟೆಲ್ ಆ ಜಾಯಮಾನದ ಹೆಸರಲ್ಲ. ಅದು ಹೆಚ್ಚು ಕಾಣುತ್ತಿದ್ದದ್ದು ಪೂರ್ವದ ಸೈಲೀಸಿಯಾ, ಸ್ಯಾಕ್ಸನಿಗಳ ಕಡೆ. ಫರ್ಡಿನಾಂಡರ ತಂದೆ ಪಾದ್ರಿ, ಪಾದ್ರಿಗಳು ಚರ್ಚಿನ ಸಭೆ ಕರೆದಲ್ಲಿಗೆ ಹೋಗುವವರು. ಹಾಗಾಗಿ ಮಗ ಹುಟ್ಟಿದ ಊರೇ ಮನೆತನದ ಮೂಲ ಊರಾಗಬೇಕಿಲ್ಲ.

ದಾಖಲೆ ನೋಡುವುದಾದರೆ 1876ರಿಂದ ಈಚೆಗೆ ಇಡೀ ಜರ್ಮನಿಗೆ ಸರ್ಕಾರಿ ಜನನ-ಮರಣ ನೋಂದಣಿ ಇದೆ. ಅದಕ್ಕಿಂತ ಹಿಂದಿನದಕ್ಕೆ ಹೆಚ್ಚಿನ ಕಡೆ ಚರ್ಚಿನ ಪುಸ್ತಕಗಳೇ ಗತಿ, ಅವು ಕುರೆಂಟ್ ಎಂಬ ಹಳೆಯ ಮೋಡಿ ಬರಹದಲ್ಲಿರುತ್ತವೆ. ಅದರಲ್ಲಿ ದೊಡ್ಡ ಕೆ ಮತ್ತು ಆರ್ ಅವಳಿಗಳಂತೆ. ಚಿಕ್ಕ ಇ ನೋಡಲು ಎನ್. ರಿಟ್ಟೆಲ್ ಎಂಬ ಬೇರೆಯೇ ಮನೆತನವೂ ಇರುವುದರಿಂದ ಹೆಸರುಗಳ ಸೂಚಿಯನ್ನು ಮಾತ್ರ ನೋಡಿದರೆ ಮೋಸಹೋಗುತ್ತೀರಿ. ಮೂಲ ಪುಟ ತೆರೆದು, ಅದೇ ಕೈಬರಹದಲ್ಲಿ ಕೆ, ಆರ್‌ಗಳಿಂದ ಶುರುವಾಗುವ ಗೊತ್ತಿರುವ ಹೆಸರುಗಳ ಮೊದಲಕ್ಷರದ ಜೊತೆ ಹೋಲಿಸಿ.