ಶಾಲೆ ಸಮಿತಿಯಲ್ಲಿ ನನಗೂ ಜಾಗ ಇದೆಯಾ?

ಪ್ರಶ್ನೆ: ಐದನೇ ತರಗತಿಯ ನನ್ನ ಮಗನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಕೊನೆ ಬೆಂಚಿಗೆ ಕೂರಿಸುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸೇರ್ತೀನಿ ಅಂದರೆ "ನಿಮಗ್ಯಾಕೆ ಇದೆಲ್ಲ" ಅನ್ನುತ್ತಾರೆ.
– ಒಬ್ಬ ತಾಯಿ, ಆಳಂದ ತಾಲ್ಲೂಕು

ಉತ್ತರ: ಯಾಕೆ ಅಂದರೆ ಕಾನೂನೇ ಹಾಗಿದೆ, ತಂಗಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಅವಕಾಶವಂಚಿತ ಮಕ್ಕಳ ಪೋಷಕರಿಗೂ ಪಾಲಿದೆ. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನೂ ಆ ಗುಂಪಿಗೆ ಸೇರಿಸಿದೆ.

ಆದರೆ ಬೆಂಚಿನ ವಿಷಯಕ್ಕೆ ಸಮಿತಿ ಆಗುವವರೆಗೆ ಸುಮ್ನೆ ಕಾಯಬೇಡಿ. ಹೆಡ್‌ಮಾಸ್ಟರಿಗೆ ಅರ್ಜಿ ಕೊಡಿ. ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಸೇಡಂನಲ್ಲಿ ಮೇಷ್ಟ್ರಾಗಿದ್ದಾಗ ಇಂಥದೇ ಹುಡುಗಿಯನ್ನು ನಾನು ಮುಂದಿನ ಸಾಲಿಗೆ ಕರೆದೆ. ಬೋರ್ಡಿಗೆ ಮುಖ ಮಾಡಿ ಪಾಠ ಹೇಳುವ ನನ್ನ ಚಾಳಿಯೂ ಆಗಲೇ ಬಿಟ್ಟಿತು.